ಟೆಂಪ್ಲರ್ ನಿಧಿ: ಆ ಪೆಟ್ಟಿಗೆಯಲ್ಲಿ ಇದ್ದದ್ದು ಯಾರ ದುಡ್ಡು?

1250ರ ಮೇ ತಿಂಗಳು. ಈಜಿಪ್ಟಿನ ನೈಲ್ ನದಿಯಲ್ಲಿ ಫ್ರಾನ್ಸಿನ ಹಡಗುಗಳು ನಿಂತಿವೆ. ರಾಜ ಒಂಬತ್ತನೇ ಲೂಯಿ ಧರ್ಮಯುದ್ಧಕ್ಕೆಂದು ಬಂದು, ಸೋತು, ಸೆರೆ ಸಿಕ್ಕಿ, ಈಗಷ್ಟೇ ಬಿಡುಗಡೆಯಾಗಿದ್ದಾನೆ. ಅವನ ತಮ್ಮ ಮಾತ್ರ ಇನ್ನೂ ಒತ್ತೆಯಲ್ಲಿದ್ದಾನೆ. ಬಿಡುಗಡೆ ಹಣದ ಮೊದಲ ಕಂತು 2 ಲಕ್ಷ ಲಿವ್ರ್ (ಆಗಿನ ಫ್ರೆಂಚ್ ಹಣ) ತೂಗಿ ಕೊಟ್ಟರೆ ಮಾತ್ರ ಅವನನ್ನು ಬಿಡುತ್ತಾರೆ. ಎರಡು ದಿನ ತೂಗಿದರೂ 30,000 ಲಿವ್ರ್ ಕಡಿಮೆ ಬಿತ್ತು.

ಪಕ್ಕದಲ್ಲೇ ಟೆಂಪ್ಲರ್‌ಗಳು ಎಂಬ ಸನ್ಯಾಸಿ ಯೋಧರ ಹಡಗು. ಅದರೊಳಗೆ ಹಣದ ಪೆಟ್ಟಿಗೆಗಳು. ರಾಜನ ಜೊತೆಗಿದ್ದ ಜ್ವಾನ್‌ವಿಲ್ ಎಂಬ ಸರದಾರ ಹೋಗಿ ಸಾಲ ಕೇಳಿದ. ಟೆಂಪ್ಲರ್ ಅಧಿಕಾರಿ ಆಗುವುದಿಲ್ಲ ಎಂದ. ಇದು ನಮ್ಮ ಹಣ ಅಲ್ಲ, ಜನ ನಂಬಿ ಇಟ್ಟದ್ದು, ಇಟ್ಟವರಿಗೇ ವಾಪಸ್ ಕೊಡುತ್ತೇವೆಂದು ಪ್ರಮಾಣ ಮಾಡಿದ್ದೇವೆ ಎಂಬುದು ಅವನ ವಾದ. ಕೊನೆಗೆ ಅವರ ಸೇನಾಧಿಕಾರಿಯೇ ಒಂದು ದಾರಿ ಸೂಚಿಸಿದ. ನಾವಾಗಿ ಕೊಟ್ಟರೆ ಮಾತು ತಪ್ಪಿದಂತೆ, ನೀವು ಬಲವಂತವಾಗಿ ತೆಗೆದುಕೊಂಡರೆ ನಮ್ಮ ಮೇಲೆ ತಪ್ಪು ಬರುವುದಿಲ್ಲ, ಅಷ್ಟೇ. ಜ್ವಾನ್‌ವಿಲ್ ಹಡಗಿನ ಒಳಗಿಳಿದು ಅಲ್ಲಿದ್ದ ಕೊಡಲಿ ಎತ್ತಿದ. ಕೂಡಲೇ ಬೀಗದ ಕೈ ಅವನ ಕೈಗೆ ಬಂತು. ಮೊದಲು ತೆರೆದ ಪೆಟ್ಟಿಗೆ ರಾಜನದೇ ಒಬ್ಬ ನೌಕರನದ್ದಾಗಿತ್ತು. ಇದನ್ನೆಲ್ಲ ಜ್ವಾನ್‌ವಿಲ್ ಮುಪ್ಪಿನಲ್ಲಿ ತಾನೇ ಬರೆದಿಟ್ಟ.

ಟೆಂಪ್ಲರ್ ನಿಧಿಯ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಕೊಡಲಿಯ ಪ್ರಸಂಗ. ಎಲ್ಲೋ ಒಂದು ಗುಹೆ, ಒಂದು ಬಾವಿ, ಒಂದು ಚರ್ಚಿನ ನೆಲಮಾಳಿಗೆ, ಅದರಲ್ಲಿ ಕೊಪ್ಪರಿಗೆಗಟ್ಟಲೆ ಹೊನ್ನು: ಏಳು ನೂರು ವರ್ಷಗಳ ನಂತರವೂ ಟಿವಿ ಸರಣಿಗಳು, ಯೂಟ್ಯೂಬ್ ಚಾನೆಲ್‌ಗಳು ಈ ಚಿತ್ರವನ್ನೇ ತೋರಿಸುತ್ತಿವೆ. ಆದರೆ ಆ ಹಣದ ಸ್ವಭಾವವೇ ಬೇರೆ. ಅದು ಕೂಡಿಟ್ಟು ಹೂಳುವಂಥ ಹಣ ಆಗಿರಲಿಲ್ಲ, ಓಡಾಡುವ ಹಣ ಆಗಿತ್ತು. ಅದರಲ್ಲಿ ದೊಡ್ಡ ಪಾಲು ಬೇರೆಯವರದ್ದು.

ಇವರು ಯಾರು? 1119ರ ಸುಮಾರಿಗೆ ಯೂಗ್ ದ ಪಾಯೆನ್ ಎಂಬ ಫ್ರೆಂಚ್ ಸರದಾರ ಕೆಲವೇ ಸಂಗಡಿಗರ ಜೊತೆ ಜೆರುಸಲೇಮಿನಲ್ಲಿ ಈ ಪಂಥ ಕಟ್ಟಿದ. ಯಾತ್ರಿಕರನ್ನು ದಾರಿಗಳ್ಳರಿಂದ ಕಾಯುವುದು ಇವರ ಕೆಲಸ. ಸನ್ಯಾಸಿಗಳ ವ್ರತ, ಸೈನಿಕರ ಬದುಕು. ರಾಜ ಎರಡನೇ ಬಾಲ್ಡ್ವಿನ್ ಇವರಿಗೆ ಅಲ್ ಅಕ್ಸಾ ಮಸೀದಿಯಲ್ಲಿ ಜಾಗ ಕೊಟ್ಟ. ಸೊಲೊಮನ್ ರಾಜನ ದೇಗುಲ ಅಲ್ಲೇ ಇತ್ತೆಂದು ನಂಬಿದ್ದರಿಂದ 'ಟೆಂಪಲ್' ಎಂಬುದು ಇವರ ಹೆಸರಿಗೆ ಅಂಟಿಕೊಂಡಿತು. 1129ರಲ್ಲಿ ಚರ್ಚ್ ಸಭೆಯ ಒಪ್ಪಿಗೆ ಸಿಕ್ಕಿತು. 1139ರಲ್ಲಿ ಪೋಪ್ ಎರಡನೇ ಇನ್ನೊಸೆಂಟ್ ದೊಡ್ಡ ವಿನಾಯಿತಿಗಳನ್ನೇ ಕೊಟ್ಟ. ಇವರು ಪೋಪ್ ಒಬ್ಬನಿಗೆ ಬಿಟ್ಟರೆ ಬೇರಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ.

ಆಮೇಲೆ ದಾನ ಹರಿದು ಬಂತು. ನಮ್ಮಲ್ಲಿ ರಾಜರು, ಪಾಳೇಗಾರರು ಮಠಗಳಿಗೆ ದತ್ತಿ, ಉಂಬಳಿ ಬಿಟ್ಟುಕೊಟ್ಟರಲ್ಲ, ಹೆಚ್ಚುಕಡಿಮೆ ಹಾಗೆಯೇ. ಹೊಲ, ದ್ರಾಕ್ಷಿ ತೋಟ, ಹಿಟ್ಟಿನ ಗಿರಣಿ, ಕುರಿ ಹಿಂಡು, ಸಂತೆಯ ಸುಂಕ. ಪೋರ್ಚುಗಲ್‌ನಿಂದ ಸೈಪ್ರಸ್‌ವರೆಗೆ ಇವರ ಠಾಣೆಗಳಿದ್ದವು. ಯೂರೋಪಿನ ಹೊಲಗಳಲ್ಲಿ ಬೆಳೆದದ್ದು ಹಣವಾಗಿ ಪೂರ್ವದ ಕೋಟೆಗಳಿಗೆ ಹೋಗಬೇಕಿತ್ತು. ಆ ಸಾಗಾಟಕ್ಕೆ ಒಂದು ವ್ಯವಸ್ಥೆ ಬೇಕಾಯಿತು. ಅದೇ ವ್ಯವಸ್ಥೆ ಬೇರೆಯವರಿಗೂ ಉಪಯೋಗಕ್ಕೆ ಬಂತು. ಒಂದು ಕಡೆ ಹಣ ಕಟ್ಟಿ ಚೀಟಿ ಪಡೆದು, ದೂರದ ಇನ್ನೊಂದು ಠಾಣೆಯಲ್ಲಿ ಬಿಡಿಸಿಕೊಳ್ಳುವುದು. ನಮ್ಮ ವ್ಯಾಪಾರಿಗಳು ಬಳಸುತ್ತಿದ್ದ ಹುಂಡಿಯ ಹಾಗೆ. ಇವರ ಮನೆ ಗಟ್ಟಿ ಕಲ್ಲಿನದು, ಕಾವಲಿಗೆ ಸನ್ಯಾಸಿ ಯೋಧರೇ ಇದ್ದಾರೆ, ಲೆಕ್ಕ ಚೊಕ್ಕ. ರಾಜರೂ ತಮ್ಮ ಖಜಾನೆಯನ್ನು ಇವರ ಬಳಿ ಇಟ್ಟರು. ಫ್ರಾನ್ಸಿನ ರಾಜ್ಯದ ಖಜಾನೆ ಎಷ್ಟೋ ಕಾಲ ಇದ್ದದ್ದು ಪ್ಯಾರಿಸ್‌ನ ಟೆಂಪಲ್‌ನಲ್ಲಿ, ಅಂದರೆ ಅಲ್ಲಿನ ಇವರ ಠಾಣೆಯಲ್ಲಿ. ಲಂಡನ್‌ನ ನ್ಯೂ ಟೆಂಪಲ್‌ನಲ್ಲಿ ರಾಜಮನೆತನದ ಒಡವೆ, ವ್ಯಾಪಾರಿಗಳ ಹಣ ಎಲ್ಲ ಇದ್ದವು. 1263ರಲ್ಲಿ ಇಂಗ್ಲೆಂಡಿನ ಯುವರಾಜ ಎಡ್ವರ್ಡ್ ಅಲ್ಲಿಗೆ ನುಗ್ಗಿ ಪೆಟ್ಟಿಗೆ ಒಡೆಸಿ ಹಣ ಹೊತ್ತುಕೊಂಡು ಹೋದ. ಲಂಡನ್ ಜನ ಕೆರಳಿದರು. ಇವರ ಪೆಟ್ಟಿಗೆಗೆ ಕೈ ಹಾಕುವುದೆಂದರೆ ಊರಿನ ಠೇವಣಿಗೇ ಕೈ ಹಾಕಿದಂತೆ ಎಂದು ಆಗಿನವರಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಫ್ರಾನ್ಸಿನ ರಾಜ ನಾಲ್ಕನೇ ಫಿಲಿಪ್ ಕಡೆ ಬರೋಣ. ಅಪ್ಪನ ಕಾಲದ ಸಾಲ ತಲೆಯ ಮೇಲಿತ್ತು. ಇಂಗ್ಲೆಂಡ್ ಜೊತೆ ಯುದ್ಧ, ಫ್ಲಾಂಡರ್ಸ್ ಜೊತೆ ಯುದ್ಧ. ದುಡ್ಡಿಗಾಗಿ ಅವನು ನಾಣ್ಯದಲ್ಲಿ ಬೆಳ್ಳಿ ಕಡಿಮೆ ಮಾಡಿದ. ಇಟಲಿಯ ಲೇವಾದೇವಿಗಾರರನ್ನು ಹಿಡಿಸಿ ಹಣ ಕಿತ್ತ. 1306ರಲ್ಲಿ ಯಹೂದಿಗಳನ್ನು ದೇಶದಿಂದಲೇ ಹೊರಗಟ್ಟಿ ಅವರ ಆಸ್ತಿ ಕಿತ್ತುಕೊಂಡ, ಅವರಿಗೆ ಬರಬೇಕಿದ್ದ ಸಾಲವನ್ನೂ ತಾನೇ ವಸೂಲಿ ಮಾಡಿದ. ಅದೇ ವರ್ಷ ನಾಣ್ಯದ ಬೆಲೆಯನ್ನು ಮತ್ತೆ ಏರಿಸಿದ. ಬಾಡಿಗೆ ಒಮ್ಮೆಲೇ ದುಪ್ಪಟ್ಟು ಮೂರುಪಟ್ಟು ಆದಂತಾಗಿ ಪ್ಯಾರಿಸ್ ಜನ ದಂಗೆ ಎದ್ದರು. ಆಗ ಫಿಲಿಪ್ ಜೀವ ಉಳಿಸಿಕೊಳ್ಳಲು ಓಡಿದ್ದು ಎಲ್ಲಿಗೆ ಗೊತ್ತಾ? ಪ್ಯಾರಿಸ್‌ನ ಟೆಂಪಲ್‌ಗೆ. ಟೆಂಪ್ಲರ್‌ಗಳೇ ಅವನನ್ನು ಕಾಪಾಡಿದರು.

ಒಂದು ವರ್ಷ ಕೂಡ ಕಳೆಯಲಿಲ್ಲ. 1307ರ ಸೆಪ್ಟೆಂಬರ್ 14ರಂದು ಗುಟ್ಟಿನ ಆದೇಶಗಳು ಹೊರಟವು. ಅಕ್ಟೋಬರ್ 12ರಂದು ಪಂಥದ ಮುಖ್ಯಸ್ಥ ಜಾಕ್ ದ ಮೊಲೆ ರಾಜನ ತಮ್ಮನ ಹೆಂಡತಿಯ ಶವಯಾತ್ರೆಯಲ್ಲಿ ಗೌರವದ ಸ್ಥಾನದಲ್ಲಿ ನಡೆದ. ಮಾರನೇ ದಿನ ಶುಕ್ರವಾರ, ಬೆಳಕು ಹರಿಯುವ ಹೊತ್ತಿಗೆ ಫ್ರಾನ್ಸ್ ತುಂಬ ಟೆಂಪ್ಲರ್‌ಗಳನ್ನು ಹಿಡಿದರು. ಶಿಲುಬೆಗೆ ಉಗುಳಿದರು, ವಿಗ್ರಹ ಪೂಜಿಸಿದರು ಎಂಬ ಆರೋಪಗಳು. ಚಿತ್ರಹಿಂಸೆ ಶುರುವಾಯಿತು. ಪ್ಯಾರಿಸ್‌ನಲ್ಲಿ ವಿಚಾರಣೆಗೆ ಒಳಗಾದ 138 ಮಂದಿಯಲ್ಲಿ 134 ಮಂದಿ ಏನಾದರೊಂದು ತಪ್ಪು ಒಪ್ಪಿಕೊಂಡರು. ಚಿತ್ರಹಿಂಸೆಗೆ ಅವಕಾಶವೇ ಇಲ್ಲದ ಕಡೆ ಇಂಥ ತಪ್ಪೊಪ್ಪಿಗೆ ಬಹಳ ಕಡಿಮೆ. ಹೇಳಿಕೆ ವಾಪಸ್ ತೆಗೆದುಕೊಂಡ 54 ಮಂದಿಯನ್ನು 1310ರ ಮೇ 12ರಂದು ಪ್ಯಾರಿಸ್ ಹೊರಗೆ ಜೀವಂತ ಸುಟ್ಟರು. ನಿಧಿಯ ಕಥೆ ಹೇಳುವವರು ಈ ಸಾಲನ್ನು ಸುಮ್ನೆ ದಾಟಿ ಹೋಗುವುದು ನನಗೆ ನೋವಿನ ವಿಷಯ. ಸತ್ತವರಲ್ಲಿ ಎಷ್ಟೋ ಮಂದಿ ಯುದ್ಧಭೂಮಿಯನ್ನೇ ನೋಡಿರಲಿಲ್ಲ. ಕುರಿ ಕಾಯುವವರು, ಹೊಲ ನೋಡಿಕೊಳ್ಳುವವರು, ವಯಸ್ಸಾದ ಸೇವಕರು.

ಹಾಗಾದರೆ ಚಿನ್ನ? ರಾಜನ ಅಧಿಕಾರಿಗಳು ಒಳ ಹೊಕ್ಕ ದಿನವೇ ಕೆಲವು ಕಡೆ ಪಟ್ಟಿ ಮಾಡಿದರು. ನಾರ್ಮಂಡಿಯ ಪಟ್ಟಿಗಳು ಇಂದಿಗೂ ಉಳಿದಿವೆ. ಅವುಗಳಲ್ಲಿರುವುದು ಹಸು, ಕರು, ಕುರಿ, ಹಂದಿ, ಕಣಜದ ಧಾನ್ಯ, ಅಡುಗೆ ಪಾತ್ರೆ, ಪ್ರಾರ್ಥನಾ ಮಂದಿರದ ಬಟ್ಟೆಬರೆ. ಒಬ್ಬ ಅನುಕೂಲಸ್ಥ ರೈತನ ಮನೆಯಲ್ಲಿ ಏನಿರುತ್ತದೋ ಅದು. ಇದನ್ನು ನೋಡಿ ಹಲವರು, ಅಯ್ಯೋ, ಹಾಗಾದರೆ ಚಿನ್ನವನ್ನು ಮೊದಲೇ ಸಾಗಿಸಿಬಿಟ್ಟಿದ್ದಾರೆ ಎಂದುಕೊಳ್ಳುತ್ತಾರೆ. ಆದರೆ ಇವು ಹೊಲ, ಕುರಿ ನೋಡಿಕೊಳ್ಳುವ ಹಳ್ಳಿಯ ಠಾಣೆಗಳು, ಇಲ್ಲಿ ಸಿಗಬೇಕಾದದ್ದೇ ಸಿಕ್ಕಿತು. ಪ್ಯಾರಿಸ್‌ನ ಟೆಂಪಲ್‌ ಮಾತು ಬೇರೆ. ಅಲ್ಲಿದ್ದ ಖಜಾನೆಯ ದೊಡ್ಡ ಪಾಲು ರಾಜನದೇ. ಕೀಲಿ ಕೂಡ ಅವನ ಕೈಗೇ ಹೋಯಿತು. ಅಲ್ಲಿಂದ ಏನು ಹೋಯಿತು ಎಂದು ಅವನು ಊರಿಗೆಲ್ಲ ಹೇಳಬೇಕಾಗಿರಲಿಲ್ಲ ಅಲ್ವಾ?

ಕಥೆಯ ಬೀಜ ಒಂದೇ ಒಂದು ಹೇಳಿಕೆಯಲ್ಲಿದೆ. 1308ರ ಜೂನ್‌ನಲ್ಲಿ ಪ್ವಾತಿಯೆ ಊರಿನಲ್ಲಿ ಪೋಪ್ ಐದನೇ ಕ್ಲೆಮೆಂಟ್‌ನ ಮುಂದೆ ಜಾನ್ ದ ಶಾಲೋನ್ ಎಂಬ ಟೆಂಪ್ಲರ್ ಸಾಕ್ಷಿ ಹೇಳಿದ. ಫ್ರಾನ್ಸಿನ ಹಿರಿಯ ಅಧಿಕಾರಿ ಜೆರಾರ್ ದ ವಿಲಿಯೆ ಬಂಧನದ ಸುಳಿವು ಸಿಕ್ಕಿ 50 ಕುದುರೆಗಳೊಂದಿಗೆ ಪರಾರಿಯಾದ, 18 ಹಡಗುಗಳಲ್ಲಿ ಸಮುದ್ರಕ್ಕೆ ಇಳಿದನಂತೆ. ಯೂಗ್ ದ ಶಾಲೋನ್ ಎಂಬ ಇನ್ನೊಬ್ಬ, ಪಂಥದ ಮತ್ತೊಬ್ಬ ಹಿರಿಯ ಪೆರೊನ ಹಣವನ್ನೆಲ್ಲ ತೆಗೆದುಕೊಂಡು ಓಡಿದನಂತೆ. ಈ ದಾಖಲೆ ವ್ಯಾಟಿಕನ್‌ನಲ್ಲಿದೆ, ನಿಜವಾದದ್ದೇ.

ಆದರೆ ಅದನ್ನು ನಿಧಾನಕ್ಕೆ ಓದಬೇಕು. ಹಡಗಿನ ವಿಷಯವನ್ನು ಆತ ಕಣ್ಣಾರೆ ಕಂಡೆ ಎನ್ನುವುದಿಲ್ಲ, ಹಾಗೆಂದು ಕೇಳಿದ್ದೇನೆ ಎನ್ನುತ್ತಾನೆ. ಇಂದು ಎಲ್ಲರ ಬಾಯಲ್ಲೂ ಇರುವ ಲಾ ರೊಶೆಲ್ ಬಂದರಿನ ಹೆಸರು ಆ ಹೇಳಿಕೆಯಲ್ಲಿ ಇಲ್ಲ. ಅದು ತುಂಬ ಆಮೇಲೆ ಸೇರಿಕೊಂಡದ್ದು. ಹಣ ಎಂದಾಗಲೂ ಆತ ಹೇಳುವುದು ಒಬ್ಬ ಅಧಿಕಾರಿಯ ಬಳಿಯಿದ್ದ ಹಣದ ಬಗ್ಗೆ. ಹೇಳಿಕೆ ಕೊಟ್ಟ ಜಾಗ, ಸಮಯವನ್ನೂ ನೋಡಿ. ರಾಜನಿಗೆ ಪಂಥ ತಪ್ಪಿತಸ್ಥ ಎಂದು ಪೋಪ್‌ನನ್ನು ಒಪ್ಪಿಸಬೇಕಿತ್ತು. ಅದಕ್ಕೆ ಆರಿಸಿ ಕಳಿಸಿದ ಸಾಕ್ಷಿಗಳಲ್ಲಿ ಇವನೂ ಒಬ್ಬ. ಹಿರಿಯರು ಮೊದಲೇ ಓಡಿದರು ಎಂದರೆ ತಪ್ಪು ಮಾಡಿದ್ದರಿಂದಲೇ ಓಡಿದರು ಎಂಬ ಅರ್ಥ ತಾನಾಗಿ ಬರುತ್ತದೆ. ಕೆಲವರು ತಪ್ಪಿಸಿಕೊಂಡದ್ದು ನಿಜ ಇರಬಹುದು. 18 ಹಡಗುಗಳು ತುಂಬುವಷ್ಟು ಹೊನ್ನು ಹೋಯಿತು ಎಂಬುದಕ್ಕೆ ಮಾತ್ರ ಈ ಹೇಳಿಕೆ ಆಧಾರವಾಗುವುದಿಲ್ಲ.

ಹಣ ಕರಗಿದ ದಾರಿಗಳು ಬೇರೆ ಇವೆ. 1291ರಲ್ಲಿ ಪೂರ್ವದಲ್ಲಿ ಕ್ರೈಸ್ತರ ಕೈಯಲ್ಲಿದ್ದ ಏಕರ್ ಪಟ್ಟಣ ಬಿದ್ದಾಗ ತಿಬೋ ಗೊದಾನ್ ಎಂಬ ಟೆಂಪ್ಲರ್ ಪೂರ್ವದಲ್ಲಿದ್ದ ಪಂಥದ ಖಜಾನೆಯನ್ನು ರಾತ್ರಿ ಹಡಗಿನಲ್ಲಿ ಸಿಡಾನ್‌ಗೆ, ಅಲ್ಲಿಂದ ಸೈಪ್ರಸ್‌ಗೆ ಸಾಗಿಸಿದ. ನಿಜವಾದ 'ನಿಧಿ ಸಾಗಿಸಿದ' ಘಟನೆ ಎಂದರೆ ಇದೊಂದೇ. ಆಮೇಲಿನ ವರ್ಷಗಳಲ್ಲಿ ಪವಿತ್ರ ಭೂಮಿಯನ್ನು ಮರಳಿ ಪಡೆಯಲು ಅವರು ಹಡಗು ಕಳಿಸಿದರು, ರುವಾದ್ ಎಂಬ ಪುಟ್ಟ ದ್ವೀಪದಲ್ಲಿ ಸೈನ್ಯ ಇಟ್ಟರು, 1302ರಲ್ಲಿ ಅದನ್ನೂ ಕಳೆದುಕೊಂಡರು. ಕೋಟೆ, ಕುದುರೆ, ಕೂಲಿ ಸೈನಿಕರು ಹಣವನ್ನು ನುಂಗುವ ವೇಗ ನಮಗೆ ಊಹಿಸುವುದು ಕಷ್ಟ.

ಉಳಿದದ್ದು ಭೂಮಿ. 1312ರಲ್ಲಿ ಪೋಪ್ ಪಂಥವನ್ನು ರದ್ದು ಮಾಡಿ ಆಸ್ತಿಯನ್ನು ಹಾಸ್ಪಿಟಲರ್ ಎಂಬ ಇನ್ನೊಂದು ಯೋಧ ಪಂಥಕ್ಕೆ ಬರೆದ. ಫಿಲಿಪ್ ಬಿಡಲಿಲ್ಲ. ಟೆಂಪಲ್‌ನಲ್ಲಿ ಇಟ್ಟಿದ್ದ ನನ್ನ ಹಣ ನನಗೆ ಬರಲೇ ಇಲ್ಲ ಎಂದು 2 ಲಕ್ಷ ಲಿವ್ರ್ ಕೇಳಿದ. ಹಾಸ್ಪಿಟಲರ್‌ಗಳು ಅದನ್ನು ಕಂತಿನಲ್ಲಿ ಕಟ್ಟಲು ಒಪ್ಪಬೇಕಾಯಿತು. ಟೆಂಪಲ್‌ನ ಆಸ್ತಿ ಅಷ್ಟು ವರ್ಷ ಅವನ ಕೈಯಲ್ಲೇ ಇತ್ತು, ಆದಾಯವೂ ಅವನಿಗೇ ಬಂದಿತ್ತು. ಅದರ ಮೇಲೆ ಈ 2 ಲಕ್ಷ. ಅಲ್ಲಿಗೆ ಟೆಂಪ್ಲರ್ ಹಣ ಯಾರಿಗೆ ಹೋಯಿತು ಎಂಬ ಪ್ರಶ್ನೆಗೆ ಬಹುಪಾಲು ಉತ್ತರ ಸಿಕ್ಕಿತು. ಇಂಗ್ಲೆಂಡಿನಲ್ಲಿ ಬದುಕುಳಿದ ಟೆಂಪ್ಲರ್‌ಗಳನ್ನು ಬೇರೆ ಬೇರೆ ಮಠಗಳಿಗೆ ಕಳಿಸಿ ದಿನಕ್ಕೆ 4 ಪೆನ್ನಿ ಜೀವನಾಂಶ ಗೊತ್ತು ಮಾಡಿದರು. ಅದೂ ಈ ಆಸ್ತಿಯ ಲೆಕ್ಕದಲ್ಲೇ.

1314ರ ಮಾರ್ಚ್‌ನಲ್ಲಿ ಮೊಲೆಯನ್ನು ಪ್ಯಾರಿಸ್‌ನ ನದಿಯ ನಡುವಿನ ದ್ವೀಪದಲ್ಲಿ ಸುಟ್ಟರು. ಅದೇ ಏಪ್ರಿಲ್‌ನಲ್ಲಿ ಪೋಪ್, ನವೆಂಬರ್‌ನಲ್ಲಿ ರಾಜ ತೀರಿಕೊಂಡರು. ಮೊಲೆ ಸಾಯುವಾಗ ಇಬ್ಬರಿಗೂ ಶಾಪ ಹಾಕಿದ ಎಂಬ ಕಥೆ ಹುಟ್ಟಲು ಇಷ್ಟು ಸಾಕಾಯಿತು. ನಿಧಿಯ ಕಥೆ ಮಾತ್ರ ನಾಲ್ಕು ಶತಮಾನ ಕಾಯಿತು. 18ನೇ ಶತಮಾನದಲ್ಲಿ ಫ್ರೀಮೇಸನ್ ಎಂಬ ಗುಟ್ಟಿನ ಸಂಘಗಳು ತಮಗೆ ಒಂದು ಹಳೆಯ, ಘನವಾದ ವಂಶ ಹುಡುಕುತ್ತಿದ್ದವು. ಕೆಲವು ಟೆಂಪ್ಲರ್‌ಗಳು ಸ್ಕಾಟ್ಲೆಂಡಿಗೆ ಓಡಿ ಗುಟ್ಟಾಗಿ ಪಂಥವನ್ನು ಉಳಿಸಿದರು ಎಂಬ ಕಥೆ ಆಗ ಬೆಳೆಯಿತು. ಗುಟ್ಟಿನ ವಾರಸುದಾರರು ಇದ್ದ ಮೇಲೆ ಗುಟ್ಟಿನ ಆಸ್ತಿಯೂ ಇರಬೇಕಲ್ಲ. ಇಂದು ಎಲ್ಲರೂ ಬೆರಳು ತೋರಿಸುವ ಸ್ಕಾಟ್ಲೆಂಡಿನ ರಾಸ್ಲಿನ್ ಪ್ರಾರ್ಥನಾ ಮಂದಿರ ಶುರುವಾದದ್ದು 1446ರಲ್ಲಿ, ಪಂಥ ಮುಗಿದು 134 ವರ್ಷದ ಮೇಲೆ. ಅದನ್ನು ಕಟ್ಟಿಸಿದ ಸಿಂಕ್ಲೇರ್ ಮನೆತನದವರು 1309ರ ವಿಚಾರಣೆಯಲ್ಲಿ ಟೆಂಪ್ಲರ್‌ಗಳ ವಿರುದ್ಧವೇ ಸಾಕ್ಷಿ ಹೇಳಿದ್ದರು.

ಕಥೆಯಿಂದ ಯಾರಿಗೇನು ತೊಂದರೆ ಎಂದು ಕೇಳಬಹುದು. ತೊಂದರೆ ಇದೆ, ಜಾಸ್ತಿಯೇ ಇದೆ. ನಾರ್ಮಂಡಿಯ ಜಿಸೋರ್ ಕೋಟೆಯನ್ನೇ ನೋಡಿ. 12ನೇ ಶತಮಾನದಲ್ಲಿ ಕೆಲ ಕಾಲ ಮಾತ್ರ ಅದು ಟೆಂಪ್ಲರ್‌ಗಳ ವಶದಲ್ಲಿತ್ತು. 1946ರಲ್ಲಿ ಅಲ್ಲಿನ ಕಾವಲುಗಾರ ರೋಜೆ ಲೊಮ್ವಾ, ರಾತ್ರಿಯೆಲ್ಲ ಒಬ್ಬನೇ ಗುಟ್ಟಾಗಿ ಸುರಂಗ ತೋಡಿ ನೆಲದಡಿಯಲ್ಲಿ ಒಂದು ಪ್ರಾರ್ಥನಾ ಮಂದಿರ, 19 ಕಲ್ಲಿನ ಶವಪೆಟ್ಟಿಗೆ, 30 ಲೋಹದ ಪೆಟ್ಟಿಗೆ ಕಂಡೆ ಎಂದ. ಬೇರೆ ಯಾರೂ ಅದನ್ನು ಕಂಡಿಲ್ಲ. 1960ರ ದಶಕದಲ್ಲಿ ಒಂದು ಪುಸ್ತಕ ಈ ಮಾತನ್ನು ದೇಶಕ್ಕೆಲ್ಲ ಹರಡಿತು. ಸರ್ಕಾರವೇ ಅಗೆಸಬೇಕಾಯಿತು, 1964ರಲ್ಲಿ ಸೈನಿಕರೂ ಬಂದರು. ಸಿಕ್ಕಿದ್ದು ಏನೂ ಇಲ್ಲ. ಇಷ್ಟೆಲ್ಲ ಅಗೆತದಿಂದ ಸಡಿಲವಾದ ದಿಬ್ಬವನ್ನು ಕೋಟೆಯ ಬುರುಜು ಕುಸಿಯದಂತೆ ಭದ್ರಪಡಿಸುವ ಕೆಲಸ ಬಿತ್ತು. ನಮ್ಮಲ್ಲಿ ನಿಧಿಗಳ್ಳರು ಅಮಾವಾಸ್ಯೆ ರಾತ್ರಿ ಪಾಳು ಗುಡಿಯ ಗರ್ಭಗುಡಿ ಅಗೆದು, ಬಸವನ ಕಲ್ಲು ಒಡೆದು, ವೀರಗಲ್ಲು ಉರುಳಿಸಿ ಹೋಗಿರುವುದನ್ನು ನೋಡಿದವರಿಗೆ ಈ ಚಿತ್ರ ಹೊಸದಲ್ಲ. ಒಂದು ಶಾಸನ ತುಂಡಾದರೆ ಆ ಊರಿನ ಕೆರೆ ಕಟ್ಟಿಸಿದವರ ಹೆಸರೇ ಹೋಗುತ್ತದೆ.

ದಕ್ಷಿಣ ಫ್ರಾನ್ಸಿನ ರೆನ್ ಲ ಶಾತೊ ಬೆಟ್ಟದ ಮೇಲಿನ ಪುಟ್ಟ ಹಳ್ಳಿ. 1885ರಲ್ಲಿ ಬಂದ ಪಾದ್ರಿ ಬೆರಾಂಜೆ ಸೊನಿಯೆರ್ ಬಡ ಚರ್ಚನ್ನು ಚೆಂದ ಮಾಡಿದ, ಬಂಗಲೆ ಕಟ್ಟಿಸಿದ. ಇಷ್ಟು ಹಣ ಎಲ್ಲಿಂದ? ಅವನ ಮೇಲಧಿಕಾರಿಗಳೇ ವಿಚಾರಣೆ ಮಾಡಿದರು. ದೇಶದ ಮೂಲೆಮೂಲೆಯಿಂದ ಸತ್ತವರ ಹೆಸರಿನ ಪೂಜೆಗೆಂದು ಅಂಚೆಯಲ್ಲಿ ಹಣ ತರಿಸುತ್ತಿದ್ದ, ಮಾಡಲು ಸಾಧ್ಯವೇ ಇಲ್ಲದಷ್ಟು ಪೂಜೆಗಳಿಗೆ ದುಡ್ಡು ತೆಗೆದುಕೊಂಡಿದ್ದ. ಅಲ್ಲಿಗೆ ಲೆಕ್ಕ ಮುಗಿದಿತ್ತು. ಆದರೆ 1956ರಲ್ಲಿ ಆ ಬಂಗಲೆಯಲ್ಲಿ ಹೋಟೆಲ್ ನಡೆಸುತ್ತಿದ್ದವರು ಪಾದ್ರಿಗೆ ನಿಧಿ ಸಿಕ್ಕಿತ್ತು ಎಂದು ಪತ್ರಿಕೆಗೆ ಹೇಳಿದರು. ಪಿಯೆರ್ ಪ್ಲಾಂತಾರ್ ಎಂಬುವನು ಮತ್ತು ಅವನ ಗೆಳೆಯರು ಖೋಟಾ ದಾಖಲೆ ತಯಾರಿಸಿ ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸೇರಿಸಿದರು. ಆಮೇಲೆ ಟೆಂಪ್ಲರ್‌ಗಳೂ ಆ ಕಥೆಯೊಳಗೆ ಬಂದರು. ಅಗೆಯುವವರ ಕಾಟ ತಡೆಯಲಾರದೆ 1965ರಲ್ಲಿ ಊರಿನ ಆಡಳಿತ ಅಗೆತವನ್ನೇ ನಿಷೇಧಿಸಿತು. ಆದರೂ ನಿಲ್ಲಲಿಲ್ಲ. 2004ರಲ್ಲಿ ಆ ಪಾದ್ರಿಯ ಅಸ್ಥಿಯನ್ನು ಸ್ಮಶಾನದಿಂದ ಎತ್ತಿ ಕಾವಲಿರುವ ಆವರಣದೊಳಗೆ ಹೂಳಬೇಕಾಯಿತು. ಆ ಸ್ಮಶಾನದಲ್ಲಿ ಊರಿನವರ ಅಪ್ಪ ಅಮ್ಮ, ಅಜ್ಜ ಅಜ್ಜಿಯರ ಸಮಾಧಿಗಳೂ ಇವೆ.

ಕೆನಡಾದ ಓಕ್ ಐಲೆಂಡ್ ಇನ್ನೂ ದುಃಖದ ಕಥೆ. 1795ರಲ್ಲಿ ಅಲ್ಲೊಂದು ಗುಂಡಿ ಕಂಡಿತೆಂದು ಹೇಳುತ್ತಾರೆ. ಮೊದಲು ಅದು ಕಡಲ್ಗಳ್ಳರ ನಿಧಿ ಆಗಿತ್ತು. ಟೆಂಪ್ಲರ್ ಹೆಸರು ಅಂಟಿದ್ದು ತೀರ ಈಚೆಗೆ. ಈ ಹುಡುಕಾಟದಲ್ಲಿ 6 ಮಂದಿ ಸತ್ತಿದ್ದಾರೆ. 1965ರ ಆಗಸ್ಟ್ 17ರಂದು ಒಂದೇ ದಿನ 4 ಮಂದಿ, ಅದರಲ್ಲಿ ಒಬ್ಬ ತಂದೆ ಮತ್ತು ಅವನ ಮಗ, ಗುಂಡಿಯೊಳಗಿನ ವಿಷಗಾಳಿಗೆ ಬಲಿಯಾದರು. 2014ರಿಂದ ಅದೇ ದ್ವೀಪದ ಮೇಲೆ ಟಿವಿ ಸರಣಿ ನಡೆಯುತ್ತಿದೆ.

ಟೆಂಪ್ಲರ್ ಸಂಪತ್ತು ಎಲ್ಲೂ ಉಳಿಯಲಿಲ್ಲವೇ? ಒಂದು ಕಡೆ ಉಳಿಯಿತು, ಅದೂ ಯಾವ ಗುಟ್ಟೂ ಇಲ್ಲದೆ. ಪೋರ್ಚುಗಲ್‌ನ ರಾಜ ದಿನಿಸ್ ತನ್ನ ದೇಶದ ಟೆಂಪ್ಲರ್ ಭೂಮಿ ಬೇರೆಯವರಿಗೆ ಹೋಗಲು ಬಿಡಲಿಲ್ಲ. ಪೋಪ್ ಜೊತೆ ಮಾತಾಡಿ 1319ರಲ್ಲಿ 'ಕ್ರಿಸ್ತನ ಪಂಥ' ಎಂಬ ಹೊಸ ಸಂಘಟನೆ ಮಾಡಿಸಿ ಭೂಮಿ, ಕೋಟೆ ಎಲ್ಲ ಅದಕ್ಕೇ ವಹಿಸಿದ. ತೊಮಾರ್ ಪಟ್ಟಣದ ಟೆಂಪ್ಲರ್ ಕೋಟೆ ಮುಂದೆ ಇವರ ಕೇಂದ್ರವಾಯಿತು. ಇಂದಿಗೂ ಹೋಗಿ ನೋಡಬಹುದು. 1420ರಲ್ಲಿ ರಾಜಕುಮಾರ ಹೆನ್ರಿ ಈ ಪಂಥದ ಆಡಳಿತಗಾರನಾದ. ಆಫ್ರಿಕಾದ ತೀರ ಹಿಡಿದು ದಕ್ಷಿಣಕ್ಕೆ ಹೊರಟ ಹಡಗುಗಳಿಗೆ ಈ ಪಂಥದ ಭೂಮಿಯ ಆದಾಯ ನೆರವಾಯಿತು. ಮುಂದೆ ವಾಸ್ಕೋ ಡ ಗಾಮನನ್ನು ಕಳಿಸಿದ ರಾಜ ಮನುವೆಲ್ ಕೂಡ ಇದೇ ಪಂಥದ ಮುಖ್ಯಸ್ಥ. ಗಾಮನ ಹಡಗುಗಳ ಹಾಯಿಯ ಮೇಲೆ ಇದ್ದದ್ದು ಈ ಪಂಥದ ಕೆಂಪು ಶಿಲುಬೆ.

1498ರಲ್ಲಿ ಆ ಹಡಗುಗಳು ಕಲ್ಲಿಕೋಟೆಗೆ ಬಂದದ್ದು ನಮಗೆ ಶಾಲೆಯಿಂದಲೇ ಗೊತ್ತು. ವಾಪಸ್ ಹೋಗುವಾಗ ಅವು ನಮ್ಮ ತೀರದ ಪಕ್ಕದಲ್ಲೇ ಹಾದು, ಕಾರವಾರದ ಹತ್ತಿರದ ಅಂಜದೀವ್ ದ್ವೀಪದಲ್ಲಿ ನಿಂತವು. ಸಿಹಿ ನೀರು ತುಂಬಿಕೊಂಡರು, ಹಡಗುಗಳನ್ನು ಮರಳಿಗೆ ಎಳೆದು ತಳ ಸ್ವಚ್ಛ ಮಾಡಿದರು. 1505ರಲ್ಲಿ ಪೋರ್ಚುಗೀಸರು ಮತ್ತೆ ಅಲ್ಲಿಗೆ ಬಂದರು. ಈ ಸಲ ಅಲ್ಲೊಂದು ಕೋಟೆ ಕಟ್ಟಿದರು.